ಹೊಸ ಲೆನ್ಸ್ ಯಾವುದು ಅಂತ ನನ್ನ ಹಳೇ ಫೋಟೋಗಳನ್ನೇ ಕೇಳಿದೆ

ಹೊಸ ಲೆನ್ಸ್ ತಗೋಬೇಕು ಅನ್ನಿಸಿದಾಗ ನಾನು ರಿವ್ಯೂ ಓದುತ್ತಾ ಕೂರಲಿಲ್ಲ. ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸಿನಲ್ಲಿ ತೆಗೆದ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಫೋಕಲ್ ಲೆಂತ್ ಪ್ರಕಾರ ಜೋಡಿಸಿ ನೋಡಿದೆ. ಫೋಕಲ್ ಲೆಂತ್ ಅಂದರೆ ಎಂಎಂನಲ್ಲಿ ಹೇಳುವ ಸಂಖ್ಯೆ: ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಕಮ್ಮಿಯಾದಷ್ಟೂ ಅಗಲವಾಗಿ ಕಾಣುತ್ತದೆ. ಪ್ರತಿ ಫೋಟೋದೊಳಗೂ ಆ ವಿವರ ಸೇರಿರುತ್ತದೆ, ಅಲ್ವಾ? ಜಾಸ್ತಿ ಫೋಟೋ 55ರಲ್ಲೇ ಇದ್ದರೆ ದೂರದ್ದು ಎಟುಕುತ್ತಿಲ್ಲ. 18ರಲ್ಲೇ ಇದ್ದರೆ ಇನ್ನೂ ಅಗಲ ಬೇಕು.

ನನ್ನವು ಬಹುಪಾಲು 35ರ ಆಸುಪಾಸಿನಲ್ಲಿದ್ದವು. ಅದೂ ಮನೆಯೊಳಗೆ, ರಾತ್ರಿ ದೀಪದಲ್ಲಿ, ಓಡಾಡುವ ಮಕ್ಕಳು. ಕೊರತೆ ಬಿದ್ದದ್ದು ಬೆಳಕು ಅಂತ ಆಗ ಖಾತ್ರಿಯಾಯಿತು. ಕಿಟ್ ಲೆನ್ಸ್ 35ರಲ್ಲಿ ಹೆಚ್ಚೆಂದರೆ ಎಫ್4.5ರ ಸುಮಾರಿಗೆ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಎಫ್1.8 ಇರುವ 35 ಎಂಎಂ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ಹಾಕಿದರೆ ಆರು ಪಟ್ಟು ಬೆಳಕು ಒಳಗೆ ಬರುತ್ತದೆ, ಅಂದರೆ 1/20 ಸೆಕೆಂಡಿನಲ್ಲಿ ಅಲುಗಿ ಹೋಗುತ್ತಿದ್ದ ಚಿತ್ರವನ್ನು ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 1/125ಕ್ಕೆ ಹಿಡಿಯಬಹುದು. ಕೊಳ್ಳುವ ಮೊದಲು ಕಿಟ್ ಲೆನ್ಸಿನ ಜೂಮ್ ರಿಂಗನ್ನು 35ಕ್ಕೆ ನಿಲ್ಲಿಸಿ, ಟೇಪ್ ಅಂಟಿಸಿ ಕೆಲವು ದಿನ ಹಾಗೇ ಫೋಟೋ ತೆಗೆದೆ. ಹಿಂದೆ ಮುಂದೆ ನಡೆದು ಫ್ರೇಮ್ ಮಾಡುವುದು ಕಷ್ಟವಾಗಲಿಲ್ಲ. ಬಜೆಟ್ ಕಡಿಮೆ ಇರುವವರಿಗೆ ನಾನು ಈಗಲೂ ಹೇಳುವುದು ಇಷ್ಟೇ: 35 ಅಥವಾ 50ರ ಎಫ್1.8, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಆದರೆ ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಮೇಲೆ 50 ಎಂಎಂ, ಫುಲ್ ಫ್ರೇಮಿನ 75-80ರಂತೆ ಕಾಣುತ್ತದೆ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿಯಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಟಾರ್ಚ್ ಇಲ್ಲದೆ ನೋಡಲೇಬೇಡಿ. ಎರಡೂ ಕಡೆ ಕ್ಯಾಪ್ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಕಮ್ಮಿ ಇದ್ದರೂ ಬಿಟ್ಟುಬಿಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಜಿಡ್ಡು ಇರಬಾರದು. ನಿಕಾನ್‌ನವರು ಇನ್ನೊಂದು ನೋಡಬೇಕು: ಹೆಸರಿನಲ್ಲಿ ಎಎಫ್-ಡಿ ಅಂತ ಇರುವ ಹಳೇ ಲೆನ್ಸುಗಳಲ್ಲಿ ಫೋಕಸ್ ಮಾಡುವ ಮೋಟರ್ ಇಲ್ಲ. ಡಿ3000, ಡಿ5000 ಸರಣಿಯ ಕ್ಯಾಮೆರಾ ಬಾಡಿಗಳಲ್ಲೂ ಇಲ್ಲ. ಹಾಗಾಗಿ ಅವೆರಡನ್ನೂ ಜೋಡಿಸಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು.

ಆಮೇಲೆ ಹಕ್ಕಿಗಳ ಹುಚ್ಚು ಹತ್ತಿತು, 70-300 ಜೂಮ್ ಲೆನ್ಸ್ ಬಂತು. ಮಧ್ಯಮ ಬಜೆಟ್‌ಗೆ ಒಳ್ಳೆಯದೇ, ಬಿಸಿಲಿದ್ದರೆ. 300ರಲ್ಲಿ ಕೈ ನಡುಕಕ್ಕೆ ಸ್ಟೆಬಿಲೈಸೇಶನ್ ಇದೆ, ಆದರೆ ಹಾರುವ ಹಕ್ಕಿಯನ್ನು ಅದು ನಿಲ್ಲಿಸುವುದಿಲ್ಲ. ಅದಕ್ಕೆ 1/1000ಕ್ಕಿಂತ ವೇಗದ ಶಟರೇ ಬೇಕು.

ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡು ಸೇರಿದಾಗ 70-200 ಎಫ್2.8 ತಗೊಳ್ಳುವುದೋ ಎಫ್4 ತಗೊಳ್ಳುವುದೋ ಅನ್ನುವ ಪ್ರಶ್ನೆ ಬಂತು. ಎರಡನ್ನೂ ಹಿಡಿದು ನೋಡಿದೆ. ಎಫ್2.8 ಸುಮಾರು ಒಂದೂವರೆ ಕೆಜಿ, ನಿಕಾನ್‌ನ ಎಫ್4 ಬರೀ 850 ಗ್ರಾಂ. ಒಳಾಂಗಣದ ಆಟ, ಮದುವೆ ಶೂಟ್ ಮಾಡುವವರಿಗೆ ಎಫ್2.8ರ ದುಪ್ಪಟ್ಟು ಬೆಳಕು ಬೇಕೇ ಬೇಕು. ನಾನು ತೆಗೆಯುವುದು ಹೆಚ್ಚಾಗಿ ಹಗಲಲ್ಲಿ, ನಡೆದಾಡುತ್ತಾ. ಎಫ್4 ತಗೊಂಡೆ, ಉಳಿದ ದುಡ್ಡಿನಲ್ಲಿ ಗಟ್ಟಿ ಟ್ರೈಪಾಡ್ ಬಂತು.