ಒಂದೇ ವಿಮಾನದ ಸಂಸ್ಥೆಗೆ ಹಾರಾಟದ ಪರವಾನಗಿ: ನನ್ನ ಅನುಭವ

ಬೆಂಗಳೂರಿನಲ್ಲಿ ಒಂದೇ ವಿಮಾನವನ್ನಿಟ್ಟುಕೊಂಡು ಬಾಡಿಗೆ ಹಾರಾಟ ನಡೆಸಲು ಹೊರಟಿದ್ದ ಸಣ್ಣ ಸಂಸ್ಥೆಯೊಂದಕ್ಕೆ ಏರ್ ಆಪರೇಟರ್ ಸರ್ಟಿಫಿಕೇಟ್ ಪಡೆಯುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಈ ಕ್ಷೇತ್ರದವರೆಲ್ಲ ಅದನ್ನು ಎಒಸಿ ಎಂದೇ ಕರೆಯುತ್ತೇವೆ. ನಾನು ವೃತ್ತಿಯಿಂದ ವಿಮಾನ ನಿರ್ವಹಣಾ ಎಂಜಿನಿಯರ್. ಸಂಸ್ಥೆಯಲ್ಲಿ ವಿಮಾನದ ಹಾರಾಟಯೋಗ್ಯತೆಯನ್ನು ಸದಾ ಕಾಯ್ದುಕೊಳ್ಳುವ ವಿಭಾಗದ, ಅಂದರೆ ಕ್ಯಾಮೊ ವಿಭಾಗದ, ಮುಖ್ಯಸ್ಥ. ವಿಮಾನ ಎರಡು ಟರ್ಬೊಪ್ರಾಪ್ ಎಂಜಿನ್‌ಗಳ ಕಿಂಗ್ ಏರ್ ಬಿ200. ಅದರ ಗರಿಷ್ಠ ಟೇಕಾಫ್ ತೂಕ 5,670 ಕಿಲೋ. ದೊಡ್ಡ ಏರ್‌ಲೈನ್‌ಗಳ ಪರವಾನಗಿಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ, ಆದರೆ ಸಣ್ಣ ಸಂಸ್ಥೆಗಳು ಅದೇ ದಾರಿಯನ್ನು ಹೇಗೆ ಕ್ರಮಿಸುತ್ತವೆ ಎಂಬುದು ಎಲ್ಲೂ ಬರೆದಿರುವುದಿಲ್ಲವಾದ್ದರಿಂದ, ನಾವು ಮಾಡಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಯಾವ ಬಗೆಯ ಪರವಾನಗಿ ಎಂಬ ಪ್ರಶ್ನೆ. ಎರಡು ಅಥವಾ ಹೆಚ್ಚು ಊರುಗಳ ನಡುವೆ, ಪ್ರಕಟಿತ ವೇಳಾಪಟ್ಟಿಯಂತೆ ಇಲ್ಲವೇ ವೇಳಾಪಟ್ಟಿ ಇದೆಯೆಂದೇ ತೋರುವಷ್ಟು ಕ್ರಮಬದ್ಧವಾಗಿ, ಸಾರ್ವಜನಿಕರಲ್ಲಿ ಯಾರು ಬೇಕಾದರೂ ಹತ್ತಬಹುದಾದಂತೆ ನಡೆಯುವುದು ನಿಗದಿತ ವಿಮಾನ ಸೇವೆ. ಉಳಿದದ್ದು ನಿಗದಿತವಲ್ಲದ ಸೇವೆ. 1937ರ ವಿಮಾನ ನಿಯಮಗಳಲ್ಲಿ ಮೊದಲನೆಯದಕ್ಕೆ 134ನೇ ನಿಯಮ, ಎರಡನೆಯದಕ್ಕೆ 134ಎ. ನಾವು ಅರ್ಜಿ ಹಾಕಿದ್ದು ಎರಡನೆಯದಕ್ಕೆ. ಈ ವ್ಯಾಖ್ಯಾನವನ್ನು ಕಾಗದದ ಮಾತೆಂದು ತಳ್ಳಿಹಾಕುವಂತಿಲ್ಲ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದಾಗಲೇ ಟ್ರಾವೆಲ್ ಏಜೆಂಟರೊಬ್ಬರು ಬಂದು, ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ವಿಮಾನ ಬಿಟ್ಟರೆ ಸೀಟುಗಳನ್ನು ಬಿಡಿಬಿಡಿಯಾಗಿ ಮಾರಿಕೊಡುವುದಾಗಿ ಹೇಳಿದರು. ವೇಳಾಪಟ್ಟಿಯನ್ನು ಎಲ್ಲೂ ಅಚ್ಚು ಹಾಕಿಸುವುದಿಲ್ಲವಲ್ಲ ಎಂಬುದು ಅವರ ವಾದ. ಅಚ್ಚಾಗದಿದ್ದರೂ ವಾರವಾರವೂ ಅದೇ ದಿನ, ಅದೇ ಹೊತ್ತಿಗೆ, ಅದೇ ಊರಿಗೆ ಹೋಗುವ, ಹಣ ಕೊಟ್ಟವರೆಲ್ಲ ಹತ್ತಬಹುದಾದ ವಿಮಾನ ನಿಗದಿತ ಸೇವೆಯೇ ಆಗುತ್ತದೆ ಎಂದು ನಮ್ಮ ಮಾಲೀಕರಿಗೆ ವಿವರಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಈ ಗೆರೆಯ ಹಿಂದೆ ಒಂದು ಇತಿಹಾಸವೂ ಇದೆ. 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆಯು ನಿಗದಿತ ಸೇವೆಯನ್ನು ಸರ್ಕಾರಿ ನಿಗಮಗಳಿಗೆ ಮೀಸಲಿಟ್ಟಿತ್ತು. 1994ರಲ್ಲಿ ಆ ಕಾಯ್ದೆ ರದ್ದಾದ ಮೇಲಷ್ಟೇ ಖಾಸಗಿಯವರಿಗೆ ಕಾನೂನಿನ ಬಾಗಿಲು ಪೂರ್ತಿ ತೆರೆದದ್ದು. ಬೆಂಗಳೂರಿನ ಡೆಕ್ಕನ್ ಏವಿಯೇಷನ್ ಬಾಡಿಗೆ ಹೆಲಿಕಾಪ್ಟರ್‌ಗಳಿಂದ ಶುರುಮಾಡಿ, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹೆಸರಿನಲ್ಲಿ ಹುಬ್ಬಳ್ಳಿ ಮತ್ತು ಬೆಂಗಳೂರು ನಡುವೆ ನಿಗದಿತ ಸೇವೆ ಆರಂಭಿಸಿದ್ದನ್ನು ಹುಬ್ಬಳ್ಳಿಯವರು ಮರೆತಿರಲಾರರು. ನಮ್ಮ ಮಾಲೀಕರ ಮನಸ್ಸಿನಲ್ಲೂ ಅಂಥದ್ದೇ ಆಸೆ ಇತ್ತೆಂದು ನನ್ನ ಅನುಮಾನ.

ಎಒಸಿ ಪ್ರಕ್ರಿಯೆಗೆ ಐದು ಹಂತಗಳಿವೆ: ಅರ್ಜಿಪೂರ್ವ ಮಾತುಕತೆ, ವಿಧಿವತ್ತಾದ ಅರ್ಜಿ, ದಾಖಲೆಗಳ ಪರಿಶೀಲನೆ, ಪ್ರಾತ್ಯಕ್ಷಿಕೆ ಮತ್ತು ತಪಾಸಣೆ, ಕೊನೆಗೆ ಪ್ರಮಾಣಪತ್ರ. ಇದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತಾನಾಗಿ ಕಟ್ಟಿದ ಕ್ರಮವೇನಲ್ಲ. 1944ರ ಷಿಕಾಗೊ ಒಪ್ಪಂದದಡಿ ರೂಪುಗೊಂಡ ಅಂತರರಾಷ್ಟ್ರೀಯ ಸಂಸ್ಥೆಯ ಮಾರ್ಗದರ್ಶನವನ್ನೇ ಬಹುತೇಕ ದೇಶಗಳು ಅನುಸರಿಸುತ್ತವೆ. ಈ ಹಂತಗಳಿಗೂ ಮೊದಲು ನಿರಾಕ್ಷೇಪಣಾ ಪತ್ರ ಬೇಕು, ನಿರ್ದೇಶಕರ ಹಿನ್ನೆಲೆಗೆ ಗೃಹ ಸಚಿವಾಲಯದ ಭದ್ರತಾ ಅನುಮತಿ ಬೇಕು. ಇಲ್ಲಿ ನಾವು ಹಟ ಹಿಡಿದು ಪಾಲಿಸಿದ ಕ್ರಮವೊಂದಿದೆ. ನಿರ್ದೇಶಕರ ಕಡತ ಅಂತಿಮ ರೂಪಕ್ಕೆ ಬರುವ ತನಕ ವಿಮಾನದ ಲೀಸ್‌ಗೆ ಸಹಿ ಹಾಕಬಾರದೆಂದು ನಾನು ಮಾಲೀಕರಿಂದ ಮಾತು ತೆಗೆದುಕೊಂಡಿದ್ದೆ. ಸಹಿ ಬಿದ್ದ ದಿನದಿಂದಲೇ ಬಾಡಿಗೆ ಓಡಲಾರಂಭಿಸುತ್ತದೆ, ಆದರೆ ಪರವಾನಗಿ ಬರುವ ತನಕ ಆ ವಿಮಾನ ಒಂದು ರೂಪಾಯಿ ದುಡಿಯುವಂತಿಲ್ಲ. ಹ್ಯಾಂಗರ್‌ನಲ್ಲಿ ಸುಮ್ಮನೆ ನಿಂತ ವಿಮಾನಕ್ಕೂ ನಿಲುಗಡೆ ಶುಲ್ಕ, ವಿಮೆ, ನಿರ್ವಹಣೆ ತಪ್ಪುವುದಿಲ್ಲ.

ನಂತರದ್ದು ಜವಾಬ್ದಾರಿ ಸ್ಥಾನಗಳಿಗೆ ಜನರನ್ನು ಹುಡುಕುವ ಕೆಲಸ. ಅಕೌಂಟಬಲ್ ಮ್ಯಾನೇಜರ್, ಕಾರ್ಯಾಚರಣೆಯ ಮುಖ್ಯಸ್ಥ, ಹಾರಾಟ ಸುರಕ್ಷತೆಯ ಮುಖ್ಯಸ್ಥ, ತರಬೇತಿಯ ಹೊಣೆಗಾರ, ಕ್ಯಾಮೊ ಮುಖ್ಯಸ್ಥ, ಗುಣಮಟ್ಟದ ಮ್ಯಾನೇಜರ್ ಹೀಗೆ ಇವರನ್ನೆಲ್ಲ ಪೋಸ್ಟ್ ಹೋಲ್ಡರ್‌ಗಳೆನ್ನುತ್ತಾರೆ. ಇರುವುದೇ ಬೆರಳೆಣಿಕೆಯ ಜನ ಎಂದಾಗ ಒಬ್ಬರ ತಲೆಗೆ ಎರಡು ಟೋಪಿ ಹಾಕುವ ಆಸೆ ಸಹಜ. ಕೆಲವು ಹುದ್ದೆಗಳನ್ನು ಹಾಗೆ ಕೂಡಿಸಲೂಬಹುದು. ಆದರೆ ನಿರ್ವಹಣೆಯ ಯೋಜನೆ ಮಾಡುವ ನಾನೇ ಅದರ ಗುಣಮಟ್ಟವನ್ನೂ ಆಡಿಟ್ ಮಾಡುವಂತಿರಲಿಲ್ಲ. ಕೊನೆಗೆ ವಾಯುಪಡೆಯ ನಿರ್ವಹಣಾ ಶಾಖೆಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಗುಣಮಟ್ಟದ ಹೊಣೆ ಹೊತ್ತರು. ನನ್ನ ಕೆಲಸದಲ್ಲಿ ಹುಳುಕು ಹುಡುಕುವುದರಲ್ಲಿ ಅವರು ಯಾವ ಸಂಕೋಚವನ್ನೂ ಇಟ್ಟುಕೊಳ್ಳಲಿಲ್ಲ, ಮತ್ತು ಡಿಜಿಸಿಎ ಕಡೆಯಿಂದ ಬರಬಹುದಾಗಿದ್ದ ಆಕ್ಷೇಪಗಳಲ್ಲಿ ಅರ್ಧದಷ್ಟನ್ನು ಅವರೇ ಮೊದಲು ಎತ್ತಿದರು.

ಅಕೌಂಟಬಲ್ ಮ್ಯಾನೇಜರ್ ಹುದ್ದೆಯನ್ನು ಹೊರಗಿನವರು ಅಲಂಕಾರದ ಹುದ್ದೆಯೆಂದು ಭಾವಿಸುವುದುಂಟು. ಸುರಕ್ಷತೆಗೆ ಬೇಕಾದ ಹಣವನ್ನು ಯಾರ ಅಪ್ಪಣೆಯನ್ನೂ ಕಾಯದೆ ಬಿಡುಗಡೆ ಮಾಡುವ ಅಧಿಕಾರ ಇರುವವರೇ ಆ ಜಾಗದಲ್ಲಿರಬೇಕು. ಸಂದರ್ಶನದಲ್ಲಿ ನಮ್ಮ ಮಾಲೀಕರಿಗೆ ಬಂದ ಪ್ರಶ್ನೆ ನೇರವಾಗಿತ್ತು: ಎಂಜಿನ್ ಅಕಾಲದಲ್ಲಿ ಕಳಚಬೇಕಾಗಿ ಬಂದರೆ, ಆ ವೆಚ್ಚಕ್ಕೆ ಸಹಿ ಹಾಕುವವರು ಯಾರು, ಹಣ ಎಲ್ಲಿದೆ? 2012ರ ಅಕ್ಟೋಬರ್‌ನಲ್ಲಿ, ಸಂಬಳ ಬಾರದೆ ಎಂಜಿನಿಯರ್‌ಗಳು ಕೆಲಸ ನಿಲ್ಲಿಸಿದ ಹೊತ್ತಿನಲ್ಲಿ, ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪರವಾನಗಿಯನ್ನು ಡಿಜಿಸಿಎ ಅಮಾನತಿನಲ್ಲಿಟ್ಟದ್ದನ್ನು ನೆನೆದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಹಣಕಾಸಿನ ಬಿಕ್ಕಟ್ಟು ಮೊದಲು ಕಾಣಿಸಿಕೊಳ್ಳುವುದು ಬಿಡಿಭಾಗಗಳ ಕಪಾಟಿನಲ್ಲಿ ಎಂಬುದು ನಿರ್ವಹಣೆಯಲ್ಲಿ ದುಡಿದವರೆಲ್ಲರಿಗೂ ಗೊತ್ತಿರುವ ಸಂಗತಿ.

ನಮ್ಮ ಹೆಚ್ಚಿನ ಸಮಯ ಹೋದದ್ದು ಕೈಪಿಡಿಗಳ ಮೇಲೆ. ಆಪರೇಷನ್ಸ್ ಮ್ಯಾನುವಲ್, ತರಬೇತಿ ಕೈಪಿಡಿ, ಸುರಕ್ಷತಾ ನಿರ್ವಹಣೆಯ ಕೈಪಿಡಿ, ಕ್ಯಾಮೊ ಕೈಪಿಡಿ, ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊಗೆ ಪ್ರತ್ಯೇಕವಾಗಿ ಒಪ್ಪಿಸಬೇಕಾದ ಭದ್ರತಾ ಕಾರ್ಯಕ್ರಮ, ಹೀಗೆ ಪಟ್ಟಿ ಉದ್ದವಿದೆ. ಇವೆಲ್ಲವನ್ನೂ ಸಿದ್ಧರೂಪದಲ್ಲಿ ಒದಗಿಸುವ ಸಲಹೆಗಾರರು ಸಿಗುತ್ತಾರೆ. ಅಂಥ ಒಬ್ಬರು ಮಾದರಿಯಾಗಿ ಕಳಿಸಿದ ಕೈಪಿಡಿಯಲ್ಲಿ ಗಗನಸಖಿಯರ ಕರ್ತವ್ಯಗಳಿಗೆ ಒಂದು ಇಡೀ ಅಧ್ಯಾಯವಿತ್ತು; ನಮ್ಮ ವಿಮಾನದಲ್ಲಿ ಗಗನಸಖಿಯರೇ ಇರುವುದಿಲ್ಲ. ನಾವು ಬೇರೆ ದಾರಿ ಹಿಡಿದೆವು. ಡಿಜಿಸಿಎಯ ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್, ಅಂದರೆ ಸಿಎಆರ್‌ಗಳಲ್ಲಿ ನಮಗೆ ಅನ್ವಯಿಸುವ ಒಂದೊಂದು ಅಂಶವನ್ನೂ ಎಡಗಡೆಯ ಅಂಕಣದಲ್ಲಿ ಬರೆದು, ಅದರ ಎದುರಿಗೆ ನಮ್ಮ ಕೈಪಿಡಿಯ ಪುಟ, ಆ ಕೆಲಸ ಮಾಡುವ ವ್ಯಕ್ತಿಯ ಹುದ್ದೆ, ಮತ್ತು ಮಾಡಿದ್ದಕ್ಕೆ ಯಾವ ದಾಖಲೆ ಉಳಿಯುತ್ತದೆ ಎಂಬುದನ್ನು ತುಂಬುತ್ತಾ ಹೋದೆವು. ನಿಯಮ ಮತ್ತು ಪುಟದ ಅಂಕಣಗಳನ್ನು ಎಲ್ಲರೂ ತುಂಬುತ್ತಾರೆ, ಏಕೆಂದರೆ ಡಿಜಿಸಿಎ ಅದನ್ನು ಕೇಳುತ್ತದೆ. ಕೊನೆಯ ಎರಡು ಅಂಕಣಗಳನ್ನು ನಾವು ನಮಗಾಗಿಯೇ ಸೇರಿಸಿಕೊಂಡದ್ದು. ಹುದ್ದೆಯ ಹೆಸರು ಬರೆಯಲಾಗದ ವಾಕ್ಯ ಸಿಕ್ಕರೆ, ಆ ವಾಕ್ಯವನ್ನು ನಾವು ಪಾಲಿಸಲಾರೆವೆಂದೇ ಅರ್ಥ. ಅದನ್ನು ತಿದ್ದುತ್ತಿದ್ದೆವು, ಇಲ್ಲವೇ ಆ ಕೆಲಸಕ್ಕೆ ಜನ ಗೊತ್ತುಮಾಡುತ್ತಿದ್ದೆವು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಮಾನದ ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂದು ಹೇಳುವ ಪಟ್ಟಿಗೆ ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್, ಎಂಇಎಲ್, ಎಂದು ಹೆಸರು. ವಿಮಾನವನ್ನು ವಿನ್ಯಾಸಗೊಳಿಸಿದ ದೇಶದ ಪ್ರಾಧಿಕಾರ ಮೂಲ ಪಟ್ಟಿಯನ್ನು ಅನುಮೋದಿಸುತ್ತದೆ. ನಿರ್ವಾಹಕರ ಪಟ್ಟಿ ಅದಕ್ಕಿಂತ ಬಿಗಿಯಾಗಿರಬಹುದೇ ಹೊರತು ಸಡಿಲವಾಗಿರುವಂತಿಲ್ಲ. ದುರಸ್ತಿಯ ಗಡುವಿಗೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ವರ್ಗದ ಗಡುವನ್ನು ಆಯಾ ಅಂಶದಲ್ಲೇ ಹೇಳಿರುತ್ತದೆ. ಬಿಗೆ 3 ದಿನ, ಸಿಗೆ 10 ದಿನ, ಡಿಗೆ 120 ದಿನ, ದೋಷ ಕಂಡ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಮವಾರ ಕಂಡ ಬಿ ವರ್ಗದ ಸ್ನ್ಯಾಗ್ ಗುರುವಾರ ಮಧ್ಯರಾತ್ರಿಯೊಳಗೆ ಸರಿಯಾಗಬೇಕು, ಸಿ ವರ್ಗದ್ದಾದರೆ ಮುಂದಿನ ವಾರದ ಗುರುವಾರ ಮಧ್ಯರಾತ್ರಿಯೊಳಗೆ.

ಹವಾಮಾನ ರೇಡಾರ್ ಕೆಟ್ಟಾಗ ಏನು ಮಾಡಬೇಕೆಂಬ ಅಂಶವನ್ನು ಬರೆಯುವಾಗ ನಮ್ಮಲ್ಲಿ ದೀರ್ಘ ಚರ್ಚೆಯಾಯಿತು. ದಾರಿಯಲ್ಲಿ ಗುಡುಗುಮೋಡಗಳ ಮುನ್ಸೂಚನೆ ಇಲ್ಲದಿದ್ದರೆ ರೇಡಾರ್ ಇಲ್ಲದೆಯೂ ಹಾರಬಹುದು ಎಂಬುದು ಸಾಮಾನ್ಯ ಷರತ್ತು. ಆದರೆ ನಮ್ಮ ಗಿರಾಕಿಗಳು ಹೋಗುವುದು ಮಂಗಳೂರಿಗೆ, ಶಿವಮೊಗ್ಗಕ್ಕೆ, ಗೋವಾಕ್ಕೆ. ಮುಂಗಾರಿನಲ್ಲಿ ಪಶ್ಚಿಮ ಘಟ್ಟದ ಮೇಲಿನ ಮೋಡ ಬೆಳಗಿನ ಮುನ್ಸೂಚನೆಯನ್ನು ಮಧ್ಯಾಹ್ನದ ಹೊತ್ತಿಗೆ ಸುಳ್ಳು ಮಾಡಿಬಿಡಬಲ್ಲದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯಂತೂ ಬೆಂಗಳೂರಿನಲ್ಲೇ ಇದೆ. ಹೀಗಾಗಿ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯ ತನಕ ರೇಡಾರ್ ಕೆಟ್ಟಿದ್ದರೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದೇ ಇಲ್ಲ ಎಂದು ನಮ್ಮ ಪಟ್ಟಿಯಲ್ಲಿ ಬರೆದುಕೊಂಡೆವು. ಮಾಲೀಕರು ವ್ಯಾಪಾರದ ದೃಷ್ಟಿಯಿಂದ ಮುಖ ಸಿಂಡರಿಸಿದರು. ನಮ್ಮ ಮುಖ್ಯ ಪೈಲಟ್ ಅವರಿಗೆ ಹೇಳಿದ್ದು ಇಷ್ಟೇ: ‘ಸರ್, ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಆ ದಿನ ನೀವು ನನಗೆ ಫೋನ್ ಮಾಡುತ್ತೀರಿ. ಇದ್ದರೆ ನೀವೂ ಮಾಡುವುದಿಲ್ಲ, ನಾನೂ ಉತ್ತರ ಹುಡುಕಬೇಕಾಗಿಲ್ಲ.’ ಅದೇ ತರ್ಕದ ಮೇಲೆ, ರಾತ್ರಿ ದೀಪಗಳಿಲ್ಲದ ಏರ್‌ಸ್ಟ್ರಿಪ್‌ಗಳಲ್ಲಿ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆಯೇ ಇಳಿದಿರಬೇಕೆಂಬ ಸಂಸ್ಥೆಯದೇ ನಿಯಮವನ್ನೂ ಸೇರಿಸಿದೆವು. ಚುನಾವಣೆಯ ಕಾಲದಲ್ಲಿ ಬಾಡಿಗೆ ವಿಮಾನಗಳಿಗೆ ಎಷ್ಟು ಬೇಡಿಕೆ ಇರುತ್ತದೆ, ಭಾಷಣಗಳು ಎಷ್ಟು ಹೊತ್ತು ಉದ್ದವಾಗುತ್ತವೆ ಎಂಬುದನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ದಾಖಲೆ ಪರಿಶೀಲನೆಯಲ್ಲಿ ಬಂದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಾ ಹೋಗುವುದು ತಾಳ್ಮೆಯ ಕೆಲಸ. ಅದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಒಂದು ಪುಟ ತಿದ್ದಿದರೆ ಆ ಪುಟದ ಪರಿಷ್ಕರಣೆಯ ಸಂಖ್ಯೆ, ಜಾರಿಯಲ್ಲಿರುವ ಪುಟಗಳ ಪಟ್ಟಿ ಮತ್ತು ವಿಮಾನದಲ್ಲಿರುವ ಪ್ರತಿ, ಮೂರೂ ಬದಲಾಗಬೇಕು ಎಂಬುದನ್ನಷ್ಟೇ ಹೊಸಬರು ನೆನಪಿಟ್ಟುಕೊಂಡರೆ ಸಾಕು.

ತಪಾಸಣೆಯ ದಿನ ಇನ್‌ಸ್ಪೆಕ್ಟರ್‌ಗಳು ಕೈಪಿಡಿಗಿಂತ ಹೆಚ್ಚಾಗಿ ಜನರನ್ನು ಓದಿದರು. ವಿಮಾನದ ಬಳಿ ನಿಂತು, ಆರು ಪ್ರಯಾಣಿಕರು ಮತ್ತು ಅವರ ಸಾಮಾನಿನೊಂದಿಗೆ ಕಲಬುರಗಿಗೆ ಹೊರಟಿದ್ದೀರಿ ಎಂದುಕೊಳ್ಳಿ ಎಂದು ಹೇಳಿ, ವಿಮಾನದ ತೂಕ ಮತ್ತು ಸಮತೋಲವನ್ನು ಲೆಕ್ಕಹಾಕುವ ಲೋಡ್ ಅಂಡ್ ಟ್ರಿಮ್ ಶೀಟ್ ತುಂಬಲು ಸಹಪೈಲಟ್‌ಗೆ ಕೊಟ್ಟರು. ಸಣ್ಣ ವಿಮಾನದಲ್ಲಿ ಹಿಂದಿನ ಸಾಲಿನಲ್ಲಿ ಇಬ್ಬರು ದಪ್ಪ ಮನುಷ್ಯರು ಕೂತು, ಬಾಲದ ಕಡೆ ಭಾರವಾದ ಪೆಟ್ಟಿಗೆಗಳು ಸೇರಿದರೆ ತೂಕದ ಕೇಂದ್ರ ಮಿತಿಯ ಅಂಚಿಗೆ ಸರಿಯುತ್ತದೆ. ಆದ್ದರಿಂದ ಅಂದಾಜಿನ ತೂಕವನ್ನು ಬಿಟ್ಟು ಪ್ರತಿಯೊಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತೇವೆಂದು ಬರೆದಿದ್ದೆವು. ತಕ್ಕಡಿ ಎಲ್ಲಿದೆ ಎಂದು ಕೇಳಿದರು, ತೋರಿಸಿದೆವು. ಅದರ ಕ್ಯಾಲಿಬ್ರೇಷನ್ ಚೀಟಿಯನ್ನು ಕೇಳಿದರು; ಅದೂ ಇತ್ತು. ಮಂತ್ರಿಗಳು ತಕ್ಕಡಿ ಹತ್ತಲು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಮಾತ್ರ ಸಹಪೈಲಟ್ ಒಂದು ಕ್ಷಣ ತಡೆದು, ನಂತರ, ಕಮಾಂಡರ್ ವಿಮಾನವನ್ನು ಹೊರಡಿಸುವುದಿಲ್ಲ ಎಂದರು. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು ಮುಂದಿನ ಪುಟ ತಿರುಗಿಸಿದರು.

ಎಒಸಿ ಜೊತೆಗೆ ಬರುವ ಆಪರೇಷನ್ಸ್ ಸ್ಪೆಸಿಫಿಕೇಷನ್ಸ್ ಎಂಬ ಹಾಳೆಯನ್ನೇ ನಾನು ನಿಜವಾದ ಪರವಾನಗಿ ಎನ್ನುತ್ತೇನೆ. ಯಾವ ಮಾದರಿಯ ವಿಮಾನ, ಯಾವ ಪ್ರದೇಶದಲ್ಲಿ, ಯಾವ ವಿಶೇಷ ಅನುಮತಿಗಳೊಂದಿಗೆ ಹಾರಬಹುದೆಂಬುದೆಲ್ಲ ಅದರಲ್ಲಿರುತ್ತದೆ, ಅದರಲ್ಲಿಲ್ಲದ್ದನ್ನು ಮಾಡುವಂತಿಲ್ಲ. ಪರವಾನಗಿ ಬಂದ ಮೇಲೆ ನಿಗಾ ಹೆಚ್ಚಾಗುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ವಾರ್ಷಿಕ ಯೋಜನೆಯ ತಪಾಸಣೆಗಳಲ್ಲದೆ ಹೇಳದೆ ಕೇಳದೆ ನಡೆಯುವ ಪರಿಶೀಲನೆಗಳೂ ಇವೆ. ಕಂಡ ಕೊರತೆಗಳನ್ನು ಎರಡು ಮಟ್ಟದಲ್ಲಿ ವಿಂಗಡಿಸುತ್ತಾರೆ: ಮೊದಲನೆಯ ಮಟ್ಟದ್ದಕ್ಕೆ ಕೂಡಲೇ ಕ್ರಮವಾಗಬೇಕು, ಎರಡನೆಯದಕ್ಕೆ ಕಾಲಾವಕಾಶ ಸಿಗುತ್ತದೆ. ಪೈಲಟ್‌ಗಳ ಮದ್ಯ ಪರೀಕ್ಷೆಯಲ್ಲಿ ಯಂತ್ರ 0.000 ತೋರಿಸಬೇಕು, ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು, ಎರಡನೆಯ ಸಲಕ್ಕೆ ಮೂರು ವರ್ಷ ಲೈಸೆನ್ಸ್ ಅಮಾನತು. 1934ರ ವಿಮಾನ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಗರಿಷ್ಠ ದಂಡವನ್ನು 10 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. ಆ ಕಾಯ್ದೆಯ ಜಾಗಕ್ಕೆ ಈಗ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಇಷ್ಟೆಲ್ಲ ಮಾಡಿದವರಿಗೆ ಒಂದು ಅಸಮಾಧಾನ ಉಳಿಯುತ್ತದೆ. ಸ್ವಂತ ಬಳಕೆಗೆಂದು ಖಾಸಗಿ ವರ್ಗದಲ್ಲಿ ನೋಂದಾಯಿಸಿದ ವಿಮಾನಗಳನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವರು ಇದ್ದಾರೆ. ಅವರ ದರ ನಮ್ಮದಕ್ಕಿಂತ ಕಡಿಮೆ, ಏಕೆಂದರೆ ಮೇಲೆ ಹೇಳಿದ ಹುದ್ದೆಗಳ ಸಂಬಳದ ಭಾರ ಅವರ ಮೇಲಿಲ್ಲ. ಗಿರಾಕಿಗೆ ಒಳಗಿನ ಸೀಟು ಒಂದೇ ಥರ ಕಾಣುತ್ತದೆ. ಅಪಘಾತವಾದರೆ ವಿಮೆಯೂ ಕೈಕೊಡಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ವಿಮಾನ ಬಾಡಿಗೆಗೆ ಪಡೆಯುವವರು ಎಒಸಿಯ ಪ್ರತಿಯನ್ನೂ, ಅದರಲ್ಲಿ ಆ ವಿಮಾನದ, ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನೂ ಕೇಳಿ ನೋಡಬೇಕು. ಕೊಡಲು ಹಿಂದೇಟು ಹಾಕುವವರ ವಿಮಾನ ಹತ್ತಬಾರದು.

ಈಗ ಎರಡನೆಯ ವಿಮಾನದ ಮಾತುಕತೆ ನಡೆದಿದೆ. ಅದೇ ಮಾದರಿಯದಾದರೆ ಆಪರೇಷನ್ಸ್ ಸ್ಪೆಸಿಫಿಕೇಷನ್ಸ್‌ಗೆ ಸೇರ್ಪಡೆ, ಎಂಇಎಲ್‌ನಲ್ಲಿ ಎರಡು ವಿಮಾನಗಳ ಉಪಕರಣಗಳ ವ್ಯತ್ಯಾಸ, ಹೆಚ್ಚುವರಿ ಪೈಲಟ್‌ಗಳು, ಇಷ್ಟರಲ್ಲೇ ಮುಗಿಯುತ್ತದೆ. ಮಾಲೀಕರ ಕಣ್ಣು ಒಂದು ಜೆಟ್‌ನ ಮೇಲಿದೆ. ಹಾಗಾದರೆ ತರಬೇತಿ ಕೈಪಿಡಿಯಿಂದ ನಿರ್ವಹಣಾ ಒಪ್ಪಂದದ ತನಕ ನಾಲ್ಕು ಅಂಕಣಗಳ ಆ ಪಟ್ಟಿಯನ್ನು ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆಂದು ಅವರಿಗೆ ಲಿಖಿತವಾಗಿಯೇ ತಿಳಿಸಿದ್ದೇನೆ.