ಪಟಾಕಿ ಸದ್ದಿಗೆ ಬೆದರುವ ನಾಯಿಯ ಭಯ ಬಿಡಿಸುವ ಕ್ರಮ

ಈ ಅಭ್ಯಾಸವನ್ನು ದೀಪಾವಳಿಗೆ ಎರಡು ಮೂರು ತಿಂಗಳು ಮೊದಲೇ ಆರಂಭಿಸಬೇಕು. ಹಬ್ಬದ ವಾರದಲ್ಲಿ ತೊಡಗಿದರೆ ಫಲವಿಲ್ಲ, ಏಕೆಂದರೆ ಆಗ ಸದ್ದು ನಮ್ಮ ಹತೋಟಿಯಲ್ಲಿ ಇರುವುದಿಲ್ಲ.

ಆಹಾರ ಬರುವ ಮುನ್ನ ಪ್ರತಿಸಲವೂ ಒಂದೇ ಸದ್ದು ಕೇಳಿಸಿದರೆ, ಕ್ರಮೇಣ ಆ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ ಎಂಬುದನ್ನು ರಷ್ಯಾದ ಇವಾನ್ ಪಾವ್ಲೋವ್ ತೋರಿಸಿಕೊಟ್ಟರು. ಭಯವೂ ಹೀಗೆಯೇ ಸದ್ದಿನೊಂದಿಗೆ ಬೆಸೆದುಕೊಳ್ಳುತ್ತದೆ; ಆ ಬೆಸುಗೆಯನ್ನು ಬದಲಿಸಲೂಬಹುದು. ಮೊಲವನ್ನು ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಮಗು ತನ್ನಿಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅದನ್ನು ಅಂಜದೆ ಮುಟ್ಟುವಂತೆ ಮಾಡಿದ ಪ್ರಯೋಗವನ್ನು ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದರು. ನಾವು ಅನುಸರಿಸಬೇಕಾದ ದಾರಿಯೂ ಅದೇ.

ಪಟಾಕಿ ಸದ್ದಿನ ಧ್ವನಿಮುದ್ರಣವೊಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಾಯಿಯ ಕಿವಿ ನಿಮಿರಿದರೂ ಬಾಲ ಮುದುಡದಷ್ಟು ಸಣ್ಣ ಧ್ವನಿಯಲ್ಲಿ ಅದನ್ನು ಕೇಳಿಸಿ, ಒಂದೆರಡು ಕ್ಷಣದೊಳಗೆ ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಕೊಡಿ. ಈ ತಿನಿಸು ಬೇರೆ ಹೊತ್ತಿನಲ್ಲಿ ಅದಕ್ಕೆ ಸಿಗಬಾರದು. ಇಲ್ಲಿ ಅತಿ ಮುಖ್ಯವಾದದ್ದು ಅನುಕ್ರಮ: ಮೊದಲು ಸದ್ದು, ಆಮೇಲೆ ತಿನಿಸು. ಇದು ತಿರುವುಮುರುವಾದರೆ ಸದ್ದು ತಿನಿಸಿನ ಮುನ್ಸೂಚನೆಯಾಗುವ ಬದಲು, ತಿನಿಸೇ ಸದ್ದಿನ ಮುನ್ಸೂಚನೆಯಾಗಿ, ನಾಯಿ ತಟ್ಟೆಯನ್ನು ಕಂಡೂ ಹಿಂಜರಿಯತೊಡಗಬಹುದು. ಸದ್ದು ಕೇಳಿದೊಡನೆ ಅದು ನಿಮ್ಮ ಕೈಯತ್ತ ಆಸೆಯಿಂದ ತಿರುಗಿದರೆ ಹೊಸ ಬೆಸುಗೆ ಕೂಡಿತೆಂದು ತಿಳಿದು, ಧ್ವನಿಯನ್ನು ತುಸುವೇ ಹೆಚ್ಚಿಸಿ. ತಿನಿಸನ್ನು ಮೂಸದೆ ಮುಖ ತಿರುಗಿಸಿದರೆ, ಏದುಸಿರು ಬಿಟ್ಟರೆ, ಪದೇಪದೇ ತುಟಿ ನೆಕ್ಕಿದರೆ ಧ್ವನಿ ಮಿತಿ ಮೀರಿದೆ; ಕೂಡಲೇ ತಗ್ಗಿಸಿ. ನಿಜವಾದ ಪಟಾಕಿಯ ತಗ್ಗು ಸ್ಥಾಯಿಯ ಗುಡುಗು ಮೊಬೈಲಿನಲ್ಲಿ ಹೊಮ್ಮುವುದಿಲ್ಲವಾದ್ದರಿಂದ ಕೊನೆಯ ವಾರಗಳಲ್ಲಿ ದೊಡ್ಡ ಸ್ಪೀಕರನ್ನು ಬಳಸುವುದು ಒಳಿತು.

ಜೊತೆಜೊತೆಗೆ, ಕಿಟಕಿಯಿಂದ ದೂರದ ಮೂಲೆಯಲ್ಲಿ ಒಂದು ಚಾಪೆ ಹಾಸಿ, ನಾಯಿ ತಾನಾಗಿ ಅಲ್ಲಿ ಹೋಗಿ ಮಲಗಿದಾಗಲೆಲ್ಲ ಬಹುಮಾನ ಕೊಡಿ. ಒಳ್ಳೆಯ ಫಲ ತಂದ ನಡೆಯನ್ನು ಪ್ರಾಣಿಗಳು ಮತ್ತೆ ಮತ್ತೆ ಮಾಡುತ್ತವೆ.

ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಭಯವು ಲಾಭಕ್ಕಾಗಿ ಮಾಡುವ ನಡತೆಯಲ್ಲ, ಅದು ತಾನಾಗಿ ಉಕ್ಕುವಂಥದ್ದು. ಸಾಂತ್ವನ ಅದನ್ನು ಬೆಳೆಸುವುದಿಲ್ಲ. ಗದರುವುದು ಮಾತ್ರ ಖಂಡಿತ ಕೂಡದು, ಏಕೆಂದರೆ ಸದ್ದಿನ ಜೊತೆಗೆ ನಿಮ್ಮ ಮುಖವೂ ಭಯದ ಪಟ್ಟಿಗೆ ಸೇರಿಬಿಡುತ್ತದೆ.

ಒಮ್ಮೆ ಅಳಿದ ಭಯ ಬಿಡುವಿನ ನಂತರ ಮರುಕಳಿಸುವುದುಂಟು. ಆದಕಾರಣ ಹಬ್ಬ ಮುಗಿದ ಮೇಲೂ ಆಗಾಗ ಅಭ್ಯಾಸ ನಡೆಯಲಿ. ನಡುಗಿ, ಬಾಗಿಲು ಪರಚಿ ತನಗೇ ಗಾಯ ಮಾಡಿಕೊಳ್ಳುವಷ್ಟು ಬೆದರುವ ನಾಯಿಗೆ ಇಷ್ಟೇ ಸಾಲದು. ಅದಕ್ಕೆ ಔಷಧ ಬೇಕೇ ಎಂಬುದನ್ನು ಪಶುವೈದ್ಯರ ಬಳಿ ಹಬ್ಬಕ್ಕೆ ಸಾಕಷ್ಟು ಮೊದಲೇ ವಿಚಾರಿಸಬೇಕು.