ಬಹುದಾ, ಲೇಬೇಕಾ? ಕ್ಲಾಟ್‌ನ ಇನ್ಫರೆನ್ಸ್ ಪ್ರಶ್ನೆಗಳು ನನಗೆ ಒಲಿದದ್ದು ಹೀಗೆ

ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆಯನ್ನು, ನಾನು ಎರಡು ಸಲ ಬರೆದೆ. 2023ರ ಡಿಸೆಂಬರ್ 3ರಂದು ಒಮ್ಮೆ, 2024ರ ಡಿಸೆಂಬರ್ 1ರಂದು ಇನ್ನೊಮ್ಮೆ. ಮೊದಲನೇ ಸಲ ನನ್ನನ್ನು ಕೆಡವಿದ್ದು ಲಾಜಿಕಲ್ ರೀಸನಿಂಗ್, ಅಂದರೆ ತರ್ಕದ ವಿಭಾಗ. ಅದರಲ್ಲೂ 'ಈ ಪ್ಯಾಸೇಜ್‌ನಿಂದ ಏನನ್ನು ತೀರ್ಮಾನಿಸಬಹುದು?' ಅನ್ನುವ ಇನ್ಫರೆನ್ಸ್ ಪ್ರಶ್ನೆಗಳು.

ನಾನು ಹತ್ತನೇ ತರಗತಿವರೆಗೆ ಓದಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಕ್ಲಾಟ್ ಪೂರ್ತಿ ಇಂಗ್ಲಿಷ್‌ನಲ್ಲಿ ಇರುತ್ತದೆ. ಹಾಗಾಗಿ ನನ್ನ ತೊಂದರೆ ಇಂಗ್ಲಿಷ್ ಅಂತಲೇ ನಂಬಿದ್ದೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟು, ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ 'ಆ ಉತ್ತರ ಯಾಕೆ ಆರಿಸಿದೆ' ಅಂತ ಕನ್ನಡದಲ್ಲೇ ಬರೆಯತೊಡಗಿದೆ. ಎರಡು ವಾರ ಕಳೆದ ಮೇಲೆ ಓದಿ ನೋಡಿದರೆ, ಪುಟಪುಟದಲ್ಲೂ ಒಂದೇ ಮಾತು: 'ಇದು ನಿಜ ಅನ್ನಿಸಿತು.' ಪದಗಳೆಲ್ಲ ಅರ್ಥವಾಗಿದ್ದವು. ಆದರೆ ನಾನು ಪ್ಯಾಸೇಜ್‌ನಲ್ಲಿ ಇದ್ದದ್ದನ್ನು ಬಿಟ್ಟು, ನನಗೆ ಗೊತ್ತಿದ್ದದ್ದನ್ನು ಬರೆದು ಬರುತ್ತಿದ್ದೆ.

ನಮ್ಮೂರಿನದೇ ಒಂದು ಉದಾಹರಣೆ ಕೊಡ್ತೀನಿ. ಪ್ಯಾಸೇಜ್ ಹೀಗಿದೆ ಅಂದುಕೊಳ್ಳಿ: 'ಐದು ವರ್ಷದಲ್ಲಿ ಒಂದು ಊರಿನ ಡೇರಿಗೆ ಹಾಲು ಹಾಕುವವರು ಕಡಿಮೆಯಾದರು. ಆದರೆ ದಿನಕ್ಕೆ ಬರುವ ಒಟ್ಟು ಹಾಲು ಮೊದಲಿನಷ್ಟೇ ಇದೆ.' ಆಯ್ಕೆಗಳು ನಾಲ್ಕು. ಸಣ್ಣ ರೈತರು ಹಸು ಮಾರಿದ್ದಾರೆ. ಈಗಿನ ಹಸುಗಳು ಜಾಸ್ತಿ ಹಾಲು ಕೊಡುತ್ತವೆ. ಮುಂದೆ ಒಟ್ಟು ಹಾಲೂ ಕಡಿಮೆಯಾಗುತ್ತದೆ. ಒಬ್ಬೊಬ್ಬರು ಹಾಕುವ ಹಾಲಿನ ಸರಾಸರಿ ಮೊದಲಿಗಿಂತ ಹೆಚ್ಚಾಗಿದೆ.

ಮೊದಲಿನ ನಾನಾಗಿದ್ದರೆ ಕಣ್ಣುಮುಚ್ಚಿ ಮೊದಲನೆಯದನ್ನೇ ಗುರುತು ಹಾಕುತ್ತಿದ್ದೆ. ನಮ್ಮ ಬೀದಿಯಲ್ಲಿ ಹಾಗೆ ಹಸು ಮಾರಿದವರನ್ನು ನಾನೇ ನೋಡಿದ್ದೇನೆ. ಆದರೆ ಪ್ಯಾಸೇಜ್‌ನಲ್ಲಿ ಹಸು ಮಾರಿದ ಸುದ್ದಿಯೇ ಇಲ್ಲ. ಅವರು ಊರು ಬಿಟ್ಟಿರಬಹುದು, ಬೇರೆ ಡೇರಿಗೆ ಹಾಕುತ್ತಿರಬಹುದು. ಎರಡನೆಯದೂ ಹಾಗೇ, ಒಂದೊಂದು ಹಸು ಕೊಡುವ ಹಾಲು ಅಷ್ಟೇ ಇದ್ದು, ಒಬ್ಬೊಬ್ಬರ ಕೊಟ್ಟಿಗೆಯಲ್ಲಿ ಹಸುಗಳ ಸಂಖ್ಯೆ ಜಾಸ್ತಿ ಆಗಿರಬಹುದು. ಮೂರನೆಯದು ನಾಳೆಯ ಮಾತು, ಪ್ಯಾಸೇಜ್ ಹೇಳಿದ್ದು ಇವತ್ತಿನವರೆಗೆ ಮಾತ್ರ. ನಾಲ್ಕನೆಯದು ಸಪ್ಪೆ. ಅದರಲ್ಲಿ ಹೊಸದೇನೂ ಇಲ್ಲ ಅನ್ನಿಸುತ್ತದೆ. ಅದೇ ಸರಿ ಉತ್ತರ.

ಅದನ್ನು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಆ ಆಯ್ಕೆ ಸುಳ್ಳು ಅಂತ ಒಂದು ಕ್ಷಣ ಇಟ್ಟುಕೊಂಡು ನೋಡುತ್ತೇನೆ. ಸರಾಸರಿ ಹೆಚ್ಚಿಲ್ಲ, ಜನವೂ ಕಡಿಮೆ. ಹಾಗಾದರೆ ಒಟ್ಟು ಹಾಲು ಇಳಿಯಲೇಬೇಕಲ್ವಾ? ಆದರೆ ಪ್ಯಾಸೇಜ್ 'ಅಷ್ಟೇ ಇದೆ' ಅನ್ನುತ್ತದೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಇನ್ನು ಹಸು ಮಾರಿದ ಮಾತನ್ನು ಸುಳ್ಳು ಅಂದುಕೊಂಡರೆ? ಪ್ಯಾಸೇಜ್‌ಗೆ ಏನೂ ಆಗುವುದಿಲ್ಲ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದೇ.

ಇಲ್ಲಿ ನಮ್ಮ ಕನ್ನಡ ಕೈಹಿಡಿಯಿತು. ಪ್ರತಿ ಆಯ್ಕೆಯ ಕೊನೆಗೂ ಮನಸ್ಸಿನಲ್ಲಿ 'ಇರಬಹುದು' ಸೇರಿಸಿ ಓದುತ್ತಿದ್ದೆ, ಆಮೇಲೆ 'ಇರಲೇಬೇಕು' ಸೇರಿಸಿ ಓದುತ್ತಿದ್ದೆ. 'ಹಸು ಮಾರಿರಬಹುದು' ಸರಿಯಾಗಿ ಕೇಳಿಸುತ್ತದೆ. 'ಹಸು ಮಾರಿರಲೇಬೇಕು' ಅಂದ ಕೂಡಲೇ 'ಯಾಕೆ?' ಅಂತ ಬಾಯಿಗೆ ಬರುತ್ತದೆ. ಆ 'ಯಾಕೆ'ಗೆ ಪ್ಯಾಸೇಜ್‌ನ ಸಾಲಿನಲ್ಲಿ ಉತ್ತರ ಇಲ್ಲದಿದ್ದರೆ ಅದನ್ನು ಹೊಡೆದು ಹಾಕುತ್ತಿದ್ದೆ.

'ಮಾತ್ರ' ಅನ್ನುವ ಪದ ನನ್ನನ್ನು ಬಹಳ ಸತಾಯಿಸಿತು. ಅದರ ತೊಡಕು ಬಿಡಿಸಿಕೊಂಡದ್ದು ಕೊಬ್ಬರಿಯಿಂದ. ಅಪ್ಪ ಅಟ್ಟದಿಂದ ಉಂಡೆ ಕೊಬ್ಬರಿ ಇಳಿಸುತ್ತಿದ್ದರು. ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿ ಗಡಗಡ ಅಂದರೆ ಒಂದು ಕಡೆ, ಇಲ್ಲದಿದ್ದರೆ ವಾಪಸ್. 'ಚೆನ್ನಾಗಿ ಒಣಗಿದ್ದಕ್ಕೆ ಮಾತ್ರ ಒಳ್ಳೆ ರೇಟು' ಅಂದರು. ನಾನು ಕೇಳಿದೆ, 'ಹಾಗಾದ್ರೆ ಒಣಗಿದ್ದಕ್ಕೆಲ್ಲ ಒಳ್ಳೆ ರೇಟ್ ಸಿಗುತ್ತಾ ಅಪ್ಪಾ?' 'ಎಲ್ಲಿ ಸಿಗುತ್ತೆ, ಗಾತ್ರ ಬೇಡ್ವಾ, ಬಣ್ಣ ಬೇಡ್ವಾ' ಅಂದರು. ಅಲ್ಲಿಗೆ ಗಂಟು ಬಿಚ್ಚಿತು. ಒಳ್ಳೆ ರೇಟು ಸಿಕ್ಕಿದ್ದರೆ ಅದು ಒಣಗಿದ್ದೇ ಆಗಿರಬೇಕು. ಒಣಗಿದೆ ಅಂದ ಮಾತ್ರಕ್ಕೆ ರೇಟು ಸಿಗಬೇಕಾಗಿಲ್ಲ. ಒಣಗಿಲ್ಲ ಅಂದರೆ ರೇಟಂತೂ ಇಲ್ಲ. ಆಮೇಲೆ ಪ್ಯಾಸೇಜ್‌ನಲ್ಲಿ 'ಓನ್ಲಿ' ಕಂಡಾಗಲೆಲ್ಲ ಅಲ್ಲಿ ಕೊಬ್ಬರಿ ಇಟ್ಟು ಓದಿದ್ದೇನೆ.

'ಸಮ್' ಕೂಡ ಹುಷಾರಾಗಿ ನೋಡಬೇಕಾದ ಪದ. 'ಕೆಲವರು ಬಂದರು' ಅಂದರೆ ನಮ್ಮ ಮಾತಿನಲ್ಲಿ ಉಳಿದವರು ಬರಲಿಲ್ಲ ಅಂತಲೇ ಅರ್ಥ. ತರ್ಕದಲ್ಲಿ ಹಾಗಲ್ಲ. ಒಬ್ಬರಾದರೂ ಬಂದಿದ್ದಾರೆ ಅಂತಷ್ಟೇ, ಎಲ್ಲರೂ ಬಂದಿದ್ದರೂ ಅದು ಸುಳ್ಳಾಗುವುದಿಲ್ಲ. ಆಯ್ಕೆಗಳಲ್ಲಿ 'ಎಲ್ಲ', 'ಯಾವಾಗಲೂ', 'ಎಂದಿಗೂ ಇಲ್ಲ' ಇದ್ದರೆ ನಾನು ನಿಂತು ನೋಡುತ್ತೇನೆ. ಅವು ತಪ್ಪೇ ಅಂತಲ್ಲ. ಪ್ಯಾಸೇಜ್ ಕೂಡ ಅಷ್ಟೇ ಗಟ್ಟಿಯಾಗಿ ಹೇಳಿದೆಯಾ ಅಂತ ನೋಡಬೇಕು ಅಷ್ಟೇ.

ಇನ್ನು ಸಮಯದ ವಿಷಯ. ಈಗಿನ ಮಾದರಿಯಲ್ಲಿ 120 ಪ್ರಶ್ನೆ, 120 ನಿಮಿಷ. ಲಾಜಿಕಲ್‌ನಿಂದ 22ರಿಂದ 26 ಪ್ರಶ್ನೆ. ಪ್ಯಾಸೇಜ್ ಓದುವುದೂ ಅದೇ ಸಮಯದಲ್ಲಿ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಸುಳ್ಳು ಮಾಡಿ ನೋಡುವ ಪರೀಕ್ಷೆಯನ್ನು ನಾಲ್ಕೂ ಆಯ್ಕೆಗೆ ಮಾಡುತ್ತಾ ಕೂತರೆ ಗಂಟೆ ಹೊಡೆದುಬಿಡುತ್ತದೆ. ಮೊದಲು ಎರಡನ್ನು ಬೇಗ ಕಳಚಿ, ಉಳಿದ ಎರಡಕ್ಕೆ ಮಾತ್ರ ಮಾಡುತ್ತಿದ್ದೆ. ಇದು ಕೈಗೆ ಹತ್ತಲು ನನಗೆ ಮೂರು ತಿಂಗಳು ಬೇಕಾಯಿತು. ದಿನಕ್ಕೆ ಎರಡೇ ಪ್ಯಾಸೇಜ್, ಆದರೆ ತಪ್ಪಾದದ್ದನ್ನು ಬರೆಯದೆ ಮಲಗುತ್ತಿರಲಿಲ್ಲ.

ಎರಡನೇ ಸಲ ಮಧ್ಯಾಹ್ನ ಎರಡಕ್ಕೆ ಪೇಪರ್ ಕೈಗೆ ಬಂತು. ಒಂದು ಪ್ರಶ್ನೆಯಲ್ಲಿ ಎರಡು ಆಯ್ಕೆ ಉಳಿದವು. ಒಂದು ಬಹಳ ಚೆಂದದ ಮಾತು, ನಾನೂ ಒಪ್ಪುವಂಥದ್ದು. ಇನ್ನೊಂದು ಸಪ್ಪೆ. 'ಲೇಬೇಕಾ?' ಅಂತ ಕೇಳಿಕೊಂಡೆ. ಸಪ್ಪೆಯದಕ್ಕೆ ಗುರುತು ಹಾಕಿ ಮುಂದಿನ ಪುಟ ತಿರುಗಿಸಿದೆ.